ಅಡಗುಚಿತ್ರದ ಆಟವೂ ಕ್ಷೇತ್ರಶೋಧನೆಯೂ: ಗುತ್ತಲ ಸೀಮೆಯನ್ನು ಕುರಿತು ಒಂದು ವಿವೇಚನೆ

ರಾಶಿಬಿದ್ದ ನಾನಾ ವಸ್ತುಗಳ ಚಿತ್ರವೊಂದನ್ನು ಮುಂದಿಟ್ಟು, ಅದರೊಳಗೆ ಅಡಗಿರುವ ಕೆಲವನ್ನು ಹೆಸರು ಹೇಳಿ ಹುಡುಕಿಸುವ ಆಟವು ಇಂದಿನ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದೇ ಆಗಿದೆ. ಹಳೆಯ ಮನೆಯ ಅಟ್ಟ, ವ್ಯಾಪಾರಿಯ ಉಗ್ರಾಣ, ಜಾತ್ರೆಯ ಅಂಗಡಿಸಾಲು ಮುಂತಾದುವು ಇಂತಹ ಚಿತ್ರಗಳಿಗೆ ವಸ್ತುವಾಗುತ್ತವೆ. ಚಿತ್ರದ ಕೆಳಗೆ ಒಂದು ಪಟ್ಟಿ ಇರುತ್ತದೆ: ಒಂದು ಬೀಗದ ಕೈ, ಒಂದು ಕತ್ತರಿ, ಒಂದು ಹಕ್ಕಿಯ ಗರಿ, ಎರಡು ಗಾಜಿನ ಗೋಲಿ. ಆಡುವವನು ಅವನ್ನು ಒಂದೊಂದಾಗಿ ಕಂಡುಹಿಡಿಯಬೇಕು. ಮಕ್ಕಳ ಪತ್ರಿಕೆಗಳ ಪುಟಗಳಲ್ಲಿ ನಡೆಯುತ್ತಿದ್ದ ಈ ವಿನೋದವು ಈಗ ಮೊಬೈಲಿನ ಪರದೆಯ ಮೇಲೂ ನಡೆಯುತ್ತಿದೆ.

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಇಂತಹ ಆಟದ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಊರ ಗುಡಿಯ ಅಂಗಳದಲ್ಲಿ ನಿಂತು ಶಾಸನವನ್ನೋ ವೀರಗಲ್ಲನ್ನೋ ಅರಸುವ ಇತಿಹಾಸದ ವಿದ್ಯಾರ್ಥಿಯು ಮಾಡುವ ಕೆಲಸವೂ ಇದೇ ಜಾತಿಯದು. ಬಂಡಿಯ ಗಾಲಿ, ಒರಳುಕಲ್ಲು, ಕಟ್ಟಿಗೆಯ ಹೊರೆ, ಒಡೆದ ಕಂಬ, ನಾಗರಕಲ್ಲು ಇವುಗಳ ನಡುವೆ ಒಂದು ಕಲ್ಲು ಮಾತ್ರ ಅವನಿಗೆ ಬೇಕಾದುದು. ಆದರೆ ಎರಡು ಮುಖ್ಯ ಭೇದಗಳಿವೆ. ಆಟದಲ್ಲಿ ಪಟ್ಟಿಯುಂಟು, ಕ್ಷೇತ್ರದಲ್ಲಿ ಅದನ್ನು ಯಾರೂ ಕೊಡುವುದಿಲ್ಲ. ಆಟದಲ್ಲಿ ವಸ್ತುವು ಇದ್ದೇ ಇರುವುದೆಂಬ ಭರವಸೆಯುಂಟು, ಕ್ಷೇತ್ರದಲ್ಲಿ ಅದಿಲ್ಲ. ಈ ಸಾಮ್ಯವನ್ನೂ ಭೇದವನ್ನೂ ಪರಿಶೀಲಿಸಿ, ಅದರಿಂದ ನಮ್ಮ ಅಭ್ಯಾಸಕ್ಕೆ ದೊರೆಯುವ ಪಾಠವನ್ನು ಗುತ್ತಲ ಸೀಮೆಯ ನಿದರ್ಶನಗಳೊಡನೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಆಟದ ಪೂರ್ವೋತ್ತರ

ಅಮೆರಿಕದಲ್ಲಿ ೧೯೪೬ರಲ್ಲಿ ಆರಂಭವಾದ 'ಹೈಲೈಟ್ಸ್' ಎಂಬ ಮಕ್ಕಳ ಪತ್ರಿಕೆಯು ಅಡಗುಚಿತ್ರಗಳನ್ನು ತನ್ನ ನಿಯತವಾದ ಅಂಗವಾಗಿ ಮಾಡಿಕೊಂಡಿತು. ೧೯೮೭ರಲ್ಲಿ ಬ್ರಿಟನ್ನಿನ ಚಿತ್ರಕಾರ ಮಾರ್ಟಿನ್ ಹ್ಯಾಂಡ್‌ಫರ್ಡನು ಕೆಂಪು ಬಿಳಿ ಪಟ್ಟೆಯ ಅಂಗಿ ತೊಟ್ಟ ವಾಲಿ ಎಂಬ ವ್ಯಕ್ತಿಯನ್ನು ಜನಜಂಗುಳಿಯಲ್ಲಿ ಅಡಗಿಸಿ ಪುಸ್ತಕವನ್ನು ಪ್ರಕಟಿಸಿದನು. ೧೯೯೨ರಲ್ಲಿ ವಾಲ್ಟರ್ ವಿಕ್ ಎಂಬ ಛಾಯಾಗ್ರಾಹಕನೂ ಜೀನ್ ಮಾರ್ಜೊಲ್ಲೊ ಎಂಬ ಲೇಖಕಿಯೂ ಕೂಡಿ, ನಿಜವಾದ ಆಟಿಕೆ ಗುಂಡಿ ಗೋಲಿಗಳನ್ನು ಹರಡಿ ತೆಗೆದ ಛಾಯಾಚಿತ್ರಗಳಿಂದ 'ಐ ಸ್ಪೈ' ಎಂಬ ಪುಸ್ತಕವನ್ನು ರಚಿಸಿದರು. ಗಣಕಯಂತ್ರದಲ್ಲಿ ಈ ಆಟವು ಬಹು ಜನಪ್ರಿಯವಾದುದು ೨೦೦೫ರಲ್ಲಿ ಹೊರಬಂದ 'ಮಿಸ್ಟರಿ ಕೇಸ್ ಫೈಲ್ಸ್' ಮುಂತಾದವುಗಳಿಂದ.

ಇದಕ್ಕೆ ಸಮೀಪವಾದ, ಆದರೆ ಇದಕ್ಕೆ ವಿರುದ್ಧವಾದ ಇನ್ನೊಂದು ಆಟವಿದೆ. ರಡ್ಯಾರ್ಡ್ ಕಿಪ್ಲಿಂಗನ 'ಕಿಮ್' ಕಾದಂಬರಿಯಲ್ಲಿ (೧೯೦೧) ಬಾಲಕನಿಗೆ ತಟ್ಟೆಯಲ್ಲಿಟ್ಟ ರತ್ನಗಳನ್ನು ಸ್ವಲ್ಪ ಹೊತ್ತು ತೋರಿಸಿ ಮುಚ್ಚಿ, ಕಂಡುದನ್ನೆಲ್ಲ ಹೇಳಿಸುವ ಶಿಕ್ಷಣದ ವರ್ಣನೆ ಬರುತ್ತದೆ. ಸ್ಕೌಟ್ ದಳಗಳಲ್ಲಿ ಇದು 'ಕಿಮ್‌ನ ಆಟ'ವೆಂದು ರೂಢಿಗೆ ಬಂದಿತು. ಇಲ್ಲಿ ಪಟ್ಟಿಯಿಲ್ಲ, ಇದ್ದುದೆಲ್ಲವೂ ಮುಖ್ಯ. ಮೊದಲನೆಯ ಆಟವು 'ಇದನ್ನು ಹುಡುಕು' ಎನ್ನುತ್ತದೆ. ಎರಡನೆಯದು 'ಏನಿತ್ತು ಹೇಳು' ಎನ್ನುತ್ತದೆ. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕೊನೆಯಲ್ಲಿ ಇದರ ಪ್ರಯೋಜನ ಬರುವುದು.

೨. ಕನ್ನಡ ಶಿಲ್ಪಿಗಳ ಅಡಗುಚಿತ್ರ

ನೋಡುವವನ ಕಣ್ಣನ್ನು ಹೀಗೆ ಪರೀಕ್ಷಿಸುವ ವಿನೋದವು ನಮ್ಮ ನಾಡಿಗೆ ಹೊಸದಲ್ಲ. ಬಾದಾಮಿಯ ಒಂದನೆಯ ಗುಹಾಲಯವು ಕ್ರಿ. ಶ. ೬ನೆಯ ಶತಮಾನದ್ದು. ಅದರ ದ್ವಾರಪಾಲಕನ ಕೆಳಗೆ ವೃಷಭಕುಂಜರದ ಶಿಲ್ಪವಿದೆ. ಒಂದೇ ತಲೆ, ಎರಡು ದೇಹ. ಒಂದು ಕಡೆಯ ದೇಹವನ್ನು ಕೈಯಿಂದ ಮರೆಮಾಡಿದರೆ ಉಳಿದುದು ಆನೆ. ಇನ್ನೊಂದನ್ನು ಮರೆಮಾಡಿದರೆ ಉಳಿದುದು ಎತ್ತು. ಆನೆಯು ಕಂಡ ಕ್ಷಣದಲ್ಲಿ ಎತ್ತು ಕಾಣದು. ಎತ್ತು ಕಂಡ ಕ್ಷಣದಲ್ಲಿ ಆನೆ ಇಲ್ಲ. ಕಲ್ಲಿನಲ್ಲಿ ಬದಲಾದುದು ಏನೂ ಇಲ್ಲ, ಬದಲಾದುದು ನೋಟವೇ. ತಮಿಳುನಾಡಿನ ದಾರಾಸುರದಲ್ಲಿಯೂ ಇಂತಹ ಶಿಲ್ಪವುಂಟು.

ಬೇಲೂರಿನ ಚೆನ್ನಕೇಶವ ದೇವಾಲಯವು ಪ್ರತಿಷ್ಠಿತವಾದುದು ೧೧೧೭ರಲ್ಲಿ. ಅಲ್ಲಿಯ ಮದನಿಕೆಯರಲ್ಲೊಬ್ಬಳ ಮೇಲಣ ಲತಾಮಂಟಪದಲ್ಲಿ ಹಲಸಿನ ಹಣ್ಣು, ಅದರ ಮೇಲೆ ಕುಳಿತ ನೊಣ, ಅದನ್ನು ಹಿಡಿಯಲು ಹೊಂಚುವ ಹಲ್ಲಿ ಇವನ್ನು ಶಿಲ್ಪಿಯು ಬಿಡಿಸಿದ್ದಾನೆ. ಹೇಳಿ ತೋರಿಸುವವರೆಗೆ ಅದನ್ನು ಕಾಣುವವರು ವಿರಳ. ತೋರಿಸಿದ ಮೇಲೆ ಕಾಣದಿರುವುದು ಅಸಾಧ್ಯ. ಒಂಬತ್ತು ಸ್ತ್ರೀಯರ ದೇಹಗಳನ್ನು ಹೆಣೆದು ಆನೆಯ ಆಕಾರವನ್ನು ಮೂಡಿಸುವ ನವನಾರೀಕುಂಜರವೂ ಇದೇ ಪರಂಪರೆಗೆ ಸೇರಿದುದು. ಹೆಸರು ತಿಳಿದೊಡನೆ ವಸ್ತುವು ಕಣ್ಣಿಗೆ ಬೀಳುವುದೆಂಬ ಸಂಗತಿಯೇ ನಮಗೆ ಇಲ್ಲಿ ಮುಖ್ಯವಾದುದು.

೩. ಕಣ್ಣು ಹುಡುಕುವ ಬಗೆ

ನಾವು ಎದುರಿನ ದೃಶ್ಯವನ್ನೆಲ್ಲ ಒಮ್ಮೆಗೇ ಸ್ಪಷ್ಟವಾಗಿ ಕಾಣುತ್ತೇವೆಂದು ಭಾವಿಸುವುದು ಭ್ರಮೆ. ಕಣ್ಣಿನ ಅಕ್ಷಿಪಟದಲ್ಲಿ ಅತಿ ಸೂಕ್ಷ್ಮವಾಗಿ ಕಾಣಬಲ್ಲ ಭಾಗವು ತೀರ ಚಿಕ್ಕದು. ಕೈಯನ್ನು ಮುಂದೆ ಚಾಚಿ ಹೆಬ್ಬೆರಳನ್ನು ನೋಡಿದರೆ ಆ ಉಗುರಿನ ಅಗಲದಷ್ಟು ಪ್ರದೇಶ ಮಾತ್ರ ಒಂದು ಕ್ಷಣದಲ್ಲಿ ಪೂರ್ಣ ಸ್ಪಷ್ಟವಾಗಿರುವುದು. ಆದಕಾರಣ ಕಣ್ಣು ಒಂದು ಸೆಕೆಂಡಿಗೆ ಮೂರು ನಾಲ್ಕು ಸಲ ನೆಗೆದು ನೆಗೆದು ದೃಶ್ಯವನ್ನು ತುಣುಕು ತುಣುಕಾಗಿ ಸಂಗ್ರಹಿಸುತ್ತದೆ. ಎಲ್ಲಿಗೆ ನೆಗೆಯಬೇಕೆಂಬುದನ್ನು ನಮ್ಮ ನಿರೀಕ್ಷೆಯೂ ದೃಶ್ಯದ ಎದ್ದುಕಾಣುವ ಗುಣಗಳೂ ಕೂಡಿ ನಿರ್ಣಯಿಸುತ್ತವೆ.

ಮನಶ್ಶಾಸ್ತ್ರಜ್ಞೆ ಆ್ಯನ್ ಟ್ರೀಸ್ಮನ್ ಅವರು ಗ್ಯಾರಿ ಜೆಲೇಡ್ ಅವರೊಡನೆ ೧೯೮೦ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹುಡುಕಾಟದ ಎರಡು ಬಗೆಗಳನ್ನು ಬೇರ್ಪಡಿಸಿದರು. ನಮ್ಮ ಸೀಮೆಯ ಉದಾಹರಣೆಯಿಂದಲೇ ಇದನ್ನು ವಿವರಿಸಬಹುದು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸುಕ್ಕುಗಟ್ಟಿದ ಕೆಂಪು ಮೆಣಸಿನಕಾಯಿಯ ರಾಶಿಯಿದೆಯೆಂದು ಭಾವಿಸೋಣ. ಅದರಲ್ಲಿ ಒಂದು ಹಸಿರು ಕಾಯಿ ಬಿದ್ದಿದ್ದರೆ ಅದು ತಾನಾಗಿಯೇ ಕಣ್ಣಿಗೆ ಹಾಯುವುದು. ರಾಶಿಯು ನೂರು ಕಾಯಿಯದಾಗಲಿ ಸಾವಿರದ್ದಾಗಲಿ ಹೆಚ್ಚು ಹೊತ್ತು ಬೇಕಿಲ್ಲ. ಆದರೆ ರಾಶಿಯಲ್ಲಿ ಸುಕ್ಕಾದ ಕೆಂಪು ಕಾಯಿಗಳೂ ನುಣುಪಾದ ಹಸಿರು ಕಾಯಿಗಳೂ ಬೆರೆತಿದ್ದು, ನಾವು ಹುಡುಕಬೇಕಾದುದು ನುಣುಪಾದ ಒಂದು ಕೆಂಪು ಕಾಯಿಯಾಗಿದ್ದರೆ, ಬಣ್ಣವೊಂದೇ ದಾರಿ ತೋರದು. ನುಣುಪೊಂದೇ ದಾರಿ ತೋರದು. ಎರಡು ಗುಣಗಳನ್ನೂ ಕೂಡಿಸಿ ಒಂದೊಂದನ್ನೇ ಪರೀಕ್ಷಿಸಬೇಕಾಗುವುದು. ರಾಶಿಯು ಬೆಳೆದಷ್ಟೂ ಕಾಲವೂ ಬೆಳೆಯುವುದು.

ಅಡಗುಚಿತ್ರವನ್ನು ರಚಿಸುವವನ ಕೌಶಲವೆಲ್ಲ ಮೊದಲನೆಯ ಬಗೆಯನ್ನು ಎರಡನೆಯದಾಗಿ ಮಾರ್ಪಡಿಸುವುದರಲ್ಲಿದೆ. ಇದಕ್ಕೆ ಅವನು ಬಳಸುವ ಉಪಾಯಗಳು ನಾಲ್ಕು. ವಸ್ತುವನ್ನು ಅದರದೇ ಬಣ್ಣದ ಹಿನ್ನೆಲೆಯಲ್ಲಿ ಇಡುವುದು ಒಂದು. ಅದರ ಅರ್ಧವನ್ನು ಬೇರೆಯದರಿಂದ ಮರೆಮಾಡುವುದು ಎರಡು. ಅದನ್ನು ತಲೆಕೆಳಗಾಗಿಯೋ ಓರೆಯಾಗಿಯೋ ತಿರುಗಿಸುವುದು ಮೂರು. ಅದಕ್ಕೆ ಬೇರೊಂದು ಕೆಲಸವನ್ನು ಕೊಟ್ಟು, ಎಂದರೆ ಬಾಚಣಿಗೆಯನ್ನು ಬೇಲಿಯಾಗಿ, ಬಟ್ಟಲನ್ನು ಟೊಪ್ಪಿಗೆಯಾಗಿ ಮಾಡಿ, ಅದರ ಹೆಸರನ್ನೇ ಮರೆಸುವುದು ನಾಲ್ಕು. ಕುರ್ಟ್ ಗಾಟ್‌ಶಾಲ್ಟ್ ಎಂಬ ಜರ್ಮನ್ ವಿದ್ವಾಂಸನು ೧೯೨೬ರಲ್ಲಿ ನಡೆಸಿದ ಪ್ರಯೋಗಗಳು ಇಲ್ಲಿ ಸ್ಮರಣೀಯವಾದುವು. ಸರಳವಾದ ಆಕೃತಿಯೊಂದನ್ನು ಪುನಃ ಪುನಃ ತೋರಿಸಿ ಚೆನ್ನಾಗಿ ಪರಿಚಯಿಸಿದ್ದರೂ, ಅದನ್ನು ದೊಡ್ಡ ಆಕೃತಿಯ ರೇಖೆಗಳಲ್ಲಿ ಹುದುಗಿಸಿದಾಗ ನೋಡುವವರು ಅದನ್ನು ಗುರುತಿಸಲಾರದೆ ಹೋದರು.

೪. ಗುತ್ತಲ ಸೀಮೆಯೆಂಬ ಚಿತ್ರ

ಕಾಲವು ಈ ನಾಲ್ಕು ಉಪಾಯಗಳನ್ನೂ ಬಲ್ಲದು. ಅದು ಯಾರಿಗೂ ಮೋಸಮಾಡಬೇಕೆಂಬ ಉದ್ದೇಶವಿಲ್ಲದೆಯೇ ಮರೆಮಾಡುತ್ತದೆ. ಹಾವೇರಿ ತಾಲ್ಲೂಕಿನ ಗುತ್ತಲವೂ ಅದರ ಸುತ್ತಣ ಹಳ್ಳಿಗಳೂ ಇದಕ್ಕೆ ಒಳ್ಳೆಯ ನಿದರ್ಶನ. ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು ಈಗ ಹಾವೇರಿ ಜಿಲ್ಲೆಯಲ್ಲಿದೆ. ಗಳಗನಾಥದ ಬಳಿ ವರದೆಯು ತುಂಗಭದ್ರೆಯನ್ನು ಕೂಡುತ್ತದೆ. ಅಲ್ಲಿಯ ಗಳಗೇಶ್ವರ, ಹರಳಹಳ್ಳಿಯ ಸೋಮೇಶ್ವರ, ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದ ಮುಕ್ತೇಶ್ವರ ಇವೆಲ್ಲವೂ ಹೊಳೆಯ ಸೀಮೆಯ ಪ್ರಸಿದ್ಧ ದೇವಾಲಯಗಳು.

ಗುತ್ತಲವು ಶಾಸನಗಳ ಗುತ್ತವೊಳಲು. ೧೨ ಮತ್ತು ೧೩ನೆಯ ಶತಮಾನಗಳಲ್ಲಿ ಇಲ್ಲಿ ಆಳಿದ ಗುತ್ತರು ಕಲ್ಯಾಣದ ಚಾಲುಕ್ಯರಿಗೂ ಕಳಚುರಿಗಳಿಗೂ ಸೇವುಣರಿಗೂ ಕ್ರಮವಾಗಿ ಅಧೀನರಾಗಿದ್ದ ಮಾಂಡಲಿಕರು. ಅವರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡರು. ವಿಕ್ರಮಾದಿತ್ಯ, ಜೋಯಿದೇವ, ಗುತ್ತ ಎಂಬ ಹೆಸರುಗಳು ಆ ಮನೆತನದಲ್ಲಿ ಮತ್ತೆ ಮತ್ತೆ ಬರುತ್ತವೆ. ಅವರ ಚರಿತ್ರೆಯನ್ನು ಹೇಳುವ ಸಮಕಾಲೀನ ಗ್ರಂಥವೊಂದನ್ನು ತೆರೆದು ಓದಿ ಯಾರೂ ಇದನ್ನು ಕಲಿಯಲಿಲ್ಲ. ಬೇರೆ ಬೇರೆ ಊರುಗಳಲ್ಲಿ ನಿಂತಿದ್ದ ಕಲ್ಲುಗಳಿಂದ ಈ ಮನೆತನವನ್ನು ಆಯ್ದು ಜೋಡಿಸಬೇಕಾಯಿತು. ಧಾರವಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಕನ್ನಡ ನಾಡಿನ ೫೯೫ ಶಾಸನಗಳ ಪ್ರತಿಗಳನ್ನು ಕೂಡಿಸಿದನು. ಜೆ. ಎಫ್. ಫ್ಲೀಟನು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ೧೮೮೨ರಲ್ಲಿ ಪ್ರಕಟಿಸಿ, ೧೮೯೬ರಲ್ಲಿ ಮುಂಬಯಿ ಗ್ಯಾಸೆಟಿಯರಿಗಾಗಿ ವಿಸ್ತರಿಸಿದ ಗ್ರಂಥದಲ್ಲಿ ಗುತ್ತರಿಗೂ ಒಂದು ಸ್ಥಾನ ದೊರೆಯಿತು. ಒಂದು ಅರಸುಮನೆತನವೇ ಚದುರಿದ ಕಲ್ಲುಗಳ ನಡುವೆ ಅಡಗಿದ್ದ ಆಕೃತಿಯಾಗಿತ್ತು.

ಚೌಡದಾನಪುರವನ್ನು ನೋಡಿರಿ. ಮುಕ್ತೇಶ್ವರ ದೇವಾಲಯದ ಶಾಸನಗಳು ಗುತ್ತ ಅರಸರ ವಿಷಯವನ್ನು ಹೇಳುವುದಲ್ಲದೆ, ಲಾಕುಳಶೈವ ಯತಿಯಾದ ಮುಕ್ತಜೀಯರನ್ನೂ, ೧೨೨೫ರಲ್ಲಿ ಆ ಸ್ಥಳಕ್ಕೆ ಬಂದ ಶಿವದೇವರೆಂಬ ವೀರಶೈವ ಸಂತರನ್ನೂ ನಮ್ಮ ಕಣ್ಣೆದುರಿಗೆ ತರುತ್ತವೆ. ವಸುಂಧರಾ ಫಿಲಿಯೋಜಾ ಮತ್ತು ಪಿಯೆರ್ ಸಿಲ್ವೆಂ ಫಿಲಿಯೋಜಾ ಅವರು ಈ ಒಂದೇ ದೇವಾಲಯದ ಶಾಸನ ಶಿಲ್ಪ ವಾಸ್ತುಗಳನ್ನು ಕುರಿತು ೧೯೯೫ರಲ್ಲಿ ಒಂದು ಸಮಗ್ರ ಗ್ರಂಥವನ್ನೇ ಪ್ರಕಟಿಸಿದರು. ಒಂದು ಗುಡಿಯಲ್ಲಿ ಒಂದು ಗ್ರಂಥಕ್ಕೆ ಸಾಲುವಷ್ಟು ಸಾಮಗ್ರಿ ಇರುವುದೆಂಬುದು ದಾರಿಹೋಕನಿಗೆ ತೋರುವುದಿಲ್ಲ. ನಿಂತು ನೋಡಿದವರಿಗೆ ಮಾತ್ರ ತೋರುವುದು.

೫. ನಮ್ಮ ಪಟ್ಟಿ

ಕ್ಷೇತ್ರದಲ್ಲಿ ಪಟ್ಟಿಯನ್ನು ಯಾರೂ ಕೊಡುವುದಿಲ್ಲವೆಂದು ಹೇಳಿದೆವು. ಅದನ್ನು ಪೂರ್ವಾಭ್ಯಾಸದಿಂದ ನಾವೇ ಸಿದ್ಧಪಡಿಸಿಕೊಂಡು ಹೋಗಬೇಕು. ಸೂರ್ಯ, ಚಂದ್ರ, ಲಿಂಗ, ಪೂಜಾರಿ, ನಂದಿ, ಕರುವಿಗೆ ಹಾಲೂಡುವ ಆಕಳು ಇವುಗಳು ಕಲ್ಲಿನ ನೆತ್ತಿಯಲ್ಲಿ ಕಂಡರೆ ಕೆಳಗೆ ದಾನಶಾಸನವನ್ನು ನಿರೀಕ್ಷಿಸಬಹುದು. ಚಂದ್ರಸೂರ್ಯರಿರುವವರೆಗೆ ದಾನವು ನಡೆಯಲೆಂಬುದೇ ಆ ಚಿಹ್ನೆಗಳ ಅರ್ಥ. ಮೂರು ಹಂತಗಳುಳ್ಳ ಕಲ್ಲಾದರೆ ಅದು ಪ್ರಾಯಶಃ ವೀರಗಲ್ಲು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಕೈಲಾಸದಲ್ಲಿ ಲಿಂಗಪೂಜೆ. ಕೆಳಹಂತದಲ್ಲಿ ದನಗಳ ಸಾಲು ಕಂಡರೆ ಅದು ತುರುಗೋಳಿನ ಮರಣ. ಬಳೆ ತೊಟ್ಟ ತೋಳೊಂದು ಕಂಬದಿಂದ ಚಾಚಿ ಮೇಲೆತ್ತಿದ್ದರೆ ಅದು ಮಾಸ್ತಿಕಲ್ಲು. ಗೋದಾನವನ್ನು ಸ್ಮರಿಸುವ ಗೋಸಾಸದ ಕಲ್ಲುಗಳೂ ಈ ಭಾಗದಲ್ಲಿ ದೊರೆಯುವುದುಂಟು.

ಇವಲ್ಲದೆ, ಶಿಲ್ಪವೂ ಅಲ್ಲದ ಶಾಸನವೂ ಅಲ್ಲದ ಕೆಲವು ಗುರುತುಗಳುಂಟು. ಗುಡಿಯ ಗೋಡೆಯ ಮೇಲೆ ಎರಡು ಅಡ್ಡಗೆರೆಗಳ ನಡುವೆ ಗುರುತಿಸಿದ ಉದ್ದವು ಹೊಲವನ್ನಳೆಯುವ ಗಳೆಯ ಪ್ರಮಾಣವಾಗಿರಬಹುದು. ಹಾಸುಗಲ್ಲಿನ ಮೇಲೆ ಕೊರೆದ ಮನೆಗಳು ಹುಲಿಕುರಿಯಾಟದ ಅಥವಾ ಚೌಕಾಬಾರದ ಹಲಗೆಯಾಗಿರಬಹುದು. ಎರಡು ಸಾಲು ಕುಳಿಗಳು ಅಳಗುಳಿಮಣೆಯಾಗಿರಬಹುದು. ದೊರೆಯ ದಾನವನ್ನು ಹೇಳುವ ಕಲ್ಲಿಗಿಂತ ಊರವರ ಬಿಡುವಿನ ವೇಳೆಯನ್ನು ಹೇಳುವ ಈ ಗೆರೆಗಳು ಕಡಮೆ ಬೆಲೆಯವಲ್ಲ. ಹೆಸರು ತಿಳಿಯದವನಿಗೆ ಇವು ಗೀಚು ಮಾತ್ರ, ತಿಳಿದವನಿಗೆ ಆಧಾರ.

೬. ಮೂರು ದೋಷಗಳು

ಪಟ್ಟಿಯಿದ್ದ ಮಾತ್ರಕ್ಕೆ ಹುಡುಕಾಟವು ಸಫಲವಾಗದು. ಆಧುನಿಕ ಪ್ರಯೋಗಗಳು ತೋರಿಸಿಕೊಟ್ಟ ಮೂರು ದೋಷಗಳು ನಮ್ಮ ಕೆಲಸಕ್ಕೆ ನೇರವಾಗಿ ಅನ್ವಯಿಸುತ್ತವೆ.

ಮೊದಲನೆಯದು ವಿರಳತೆಯ ದೋಷ. ಜೆರಮಿ ವುಲ್ಫ್ ಮತ್ತು ಸಂಗಡಿಗರು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಡುಕಬೇಕಾದ ವಸ್ತುವು ನೂರರಲ್ಲಿ ಐವತ್ತು ಚಿತ್ರಗಳಲ್ಲಿ ಇದ್ದಾಗ ಜನರು ಅದನ್ನು ಶೇಕಡ ೭ ಸಲ ಮಾತ್ರ ತಪ್ಪಿಸಿಕೊಂಡರು; ನೂರರಲ್ಲಿ ಒಂದೇ ಚಿತ್ರದಲ್ಲಿ ಇದ್ದಾಗ ಶೇಕಡ ೩೦ ಸಲ ತಪ್ಪಿಸಿಕೊಂಡರು. ವಸ್ತುವು ವಿರಳವಾದಷ್ಟೂ 'ಇಲ್ಲ' ಎಂದು ಹೇಳಿಬಿಡುವ ಆತುರವು ಹೆಚ್ಚುವುದು. ಆಟದಲ್ಲಿ ವಸ್ತುವಿರುವ ಭರವಸೆಯಿಂದ ನಾವು ಬಿಡದೆ ಹುಡುಕುತ್ತೇವೆ. ಹತ್ತು ಹಳ್ಳಿಗಳಲ್ಲಿ ಏನೂ ದೊರೆಯದೆ ಹನ್ನೊಂದನೆಯ ಹಳ್ಳಿಗೆ ಬಂದ ಸಂಶೋಧಕನು ಅರ್ಧ ಮನಸ್ಸಿನಿಂದ ನೋಡಿ ಹೊರಡುತ್ತಾನೆ.

ಎರಡನೆಯದು ತೃಪ್ತಿಯ ದೋಷ. ಕ್ಷಕಿರಣದ ಚಿತ್ರಗಳನ್ನು ಪರೀಕ್ಷಿಸುವ ವೈದ್ಯರು ೧೯೬೦ರ ದಶಕದಿಂದಲೂ ಇದನ್ನು ಚರ್ಚಿಸುತ್ತ ಬಂದಿದ್ದಾರೆ. ಚಿತ್ರದಲ್ಲಿ ಒಂದು ವ್ಯಾಧಿಯ ಗುರುತು ಸಿಕ್ಕಿದೊಡನೆ ಶೋಧಿಸುವ ಮನಸ್ಸು ತೃಪ್ತಿಹೊಂದಿ, ಪಕ್ಕದಲ್ಲಿರುವ ಎರಡನೆಯದನ್ನು ಕಾಣದೆ ಹೋಗುತ್ತದೆ.

ಇದಕ್ಕೆ ನನ್ನ ಅನುಭವವೇ ಒಂದು ಸಾಕ್ಷಿ. ಕೆಲವು ವರ್ಷಗಳ ಹಿಂದೆ ವರದಾ ತೀರದ ಒಂದು ಹಳ್ಳಿಯ ಗುಡಿಯಂಗಳದಲ್ಲಿ, ಮೊದಲೇ ಪ್ರಕಟವಾಗಿದ್ದ ಶಾಸನವೊಂದನ್ನು ಹೋಲಿಸಿ ನೋಡಲು ಹೋಗಿದ್ದೆನು. ಕಲ್ಲು ಸಿಕ್ಕಿತು, ಪಾಠವನ್ನು ತಾಳೆನೋಡಿದೆನು, ನಾಲ್ಕು ಛಾಯಾಚಿತ್ರಗಳನ್ನು ತೆಗೆದು ಸಂತುಷ್ಟನಾಗಿ ಹಿಂದಿರುಗಿದೆನು. ತರಗತಿಯಲ್ಲಿ ಆ ಚಿತ್ರವನ್ನು ತೋರಿಸುತ್ತಿದ್ದಾಗ, ಮೊಬೈಲಿನಲ್ಲಿ ಅಡಗುಚಿತ್ರದ ಆಟವಾಡುವ ಅಭ್ಯಾಸವಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, ಚಿತ್ರದ ಮೂಲೆಯಲ್ಲಿ ಕಟ್ಟಿಗೆಯ ಹೊರೆಯ ಕೆಳಗೆ ಇಣುಕುತ್ತಿದ್ದುದೇನೆಂದು ಕೇಳಿದಳು. ಹಿಗ್ಗಿಸಿ ನೋಡಲಾಗಿ, ಅದು ಅರ್ಧ ಹೂತ ವೀರಗಲ್ಲು. ಹಂತಗಳ ನಡುವಣ ಪಟ್ಟಿಕೆಯಲ್ಲಿ ಅಕ್ಷರಗಳಂತೆ ತೋರುವ ಗೆರೆಗಳೂ ಇದ್ದುವು. ನಾನು ಅದರಿಂದ ಐದು ಮಾರು ದೂರದಲ್ಲಿ ಒಂದು ಗಂಟೆಯ ಕಾಲ ನಿಂತಿದ್ದೆನು. ಪರೀಕ್ಷೆಗಳ ಗಡಿಬಿಡಿಯಿಂದ ಮತ್ತೆ ಹೋಗುವುದು ತಡವಾಯಿತು. ಹೋದಾಗ ಅಂಗಳವನ್ನು ಮಟ್ಟಮಾಡಿ ಸಿಮೆಂಟು ಹಾಸಿದ್ದರು. ಭಕ್ತರ ಅನುಕೂಲಕ್ಕಾಗಿ ಊರವರು ಮಾಡಿದ ಕೆಲಸ ಅದು. ಅವರಲ್ಲಿ ತಪ್ಪೆಣಿಸಲು ಕಾರಣವಿಲ್ಲ. ಅಲ್ಲೊಂದು ಕಲ್ಲಿದೆಯೆಂದು ಹೇಳಬೇಕಾಗಿದ್ದವನು ನಾನು. ನನಗೇ ಅದು ಕಂಡಿರಲಿಲ್ಲ. ಈಗ ಆ ವೀರನಿಗೆ ಉಳಿದಿರುವ ಗುರುತು ನನ್ನ ಛಾಯಾಚಿತ್ರದ ಒಂದು ಮೂಲೆ ಮಾತ್ರ.

ಮೂರನೆಯದು ಪಟ್ಟಿಯದೇ ದೋಷ. ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ೨೪ ಮಂದಿ ಕ್ಷಕಿರಣ ತಜ್ಞರಿಗೆ ಶ್ವಾಸಕೋಶದ ಚಿತ್ರಗಳಲ್ಲಿ ಚಿಕ್ಕ ಗಂಟುಗಳನ್ನು ಹುಡುಕುವಂತೆ ಹೇಳಲಾಯಿತು. ಕೊನೆಯ ಚಿತ್ರಗಳಲ್ಲಿ, ಅಂತಹ ಗಂಟಿಗಿಂತ ೪೮ ಪಾಲು ದೊಡ್ಡದಾದ ಗೊರಿಲ್ಲದ ಆಕೃತಿಯೊಂದನ್ನು ಸೇರಿಸಿದ್ದರು. ೨೦ ಮಂದಿ ಅದನ್ನು ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ಅದರ ಮೇಲೆಯೇ ಹಾದುಹೋಗಿತ್ತೆಂಬುದು ಉಪಕರಣಗಳಿಂದ ತಿಳಿದುಬಂದಿತು. ಪಟ್ಟಿಯಲ್ಲಿಲ್ಲದುದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳದು.

ಇದಕ್ಕೆ ಪ್ರತಿಯಾದ ನಿದರ್ಶನವನ್ನು ನಮ್ಮ ನಾಡೇ ಕೊಟ್ಟಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಅಶೋಕನ ಶಾಸನವನ್ನು ಕಂಡವನು ಪುರಾತತ್ತ್ವಜ್ಞನಲ್ಲ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ದೊರೆಯ ಹೆಸರನ್ನು ಅಶೋಕನೆಂದೇ ಬರೆದ ಆ ಬಂಡೆಯು, ಉಳಿದ ಶಾಸನಗಳ ದೇವಾನಾಂಪ್ರಿಯನು ಯಾರೆಂಬುದನ್ನು ಸ್ಥಿರಪಡಿಸಿತು. ಚಿನ್ನವನ್ನರಸುವವನು ತನ್ನ ಪಟ್ಟಿಯಲ್ಲಿಲ್ಲದ ಅಕ್ಷರಗಳನ್ನು ಕಂಡಾಗ ಹಾದುಹೋಗಲಿಲ್ಲ. ಅದೇ ಅವನ ಹಿರಿಮೆ. ಕಲಬುರಗಿ ಸೀಮೆಯ ಸನ್ನತಿಯ ಕಥೆ ಬೇರೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡೂ ಮುಖಗಳಲ್ಲಿ ಅಶೋಕನ ಶಾಸನಗಳಿದ್ದುವು. ೧೯೮೦ರ ದಶಕದಲ್ಲಿ ಗುಡಿಯ ಮಾಳಿಗೆ ಕುಸಿದುಬಿದ್ದ ತರುವಾಯವೇ ಅದು ಲೋಕಕ್ಕೆ ತಿಳಿದುದು. ಬಾಚಣಿಗೆಯನ್ನು ಬೇಲಿಯಾಗಿಸುವ ಚಿತ್ರಕಾರನಂತೆ, ಕಾಲವು ಶಾಸನವನ್ನು ಪೀಠವಾಗಿಸಿತ್ತು. ಸಾವಿರಾರು ಜನರು ಕೈಮುಗಿದು ನೋಡಿದ್ದರೂ ಅದು ಅಡಗಿಯೇ ಇತ್ತು.

ಇದಕ್ಕೆ ವಿಪರೀತವಾದ ಅಪಾಯವನ್ನೂ ಮರೆಯಬಾರದು. ಕಾಣಬೇಕೆಂಬ ಆಸೆಯು ಬಲವಾದರೆ ಇಲ್ಲದುದೂ ಕಾಣುವುದು. ಗುತ್ತರು ತಮ್ಮನ್ನು ಗುಪ್ತರೆಂದು ಕರೆದುಕೊಂಡುದು ಶಾಸನಸಿದ್ಧ. ಆದುದರಿಂದ ಅವರು ಗುಪ್ತರೇ ಎನ್ನುವುದು ಬೇರೆಯ ಮಾತು. ಮನೆತನವು ತನ್ನ ಕೀರ್ತಿಗಾಗಿ ಹೇಳಿಕೊಂಡುದಕ್ಕೂ ನಾವು ಸ್ವತಂತ್ರ ಆಧಾರದಿಂದ ಸ್ಥಾಪಿಸಬಲ್ಲುದಕ್ಕೂ ನಡುವೆ ಗೆರೆಯೆಳೆಯುವುದು ಇತಿಹಾಸಕಾರನ ಕರ್ತವ್ಯ.

೭. ಅಭ್ಯಾಸಕ್ಕೆ ಕೆಲವು ಸೂಚನೆಗಳು

ಮೇಲೆ ಹೇಳಿದ ವಿಷಯಗಳಿಂದ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಒಂದು ಕ್ರಮವನ್ನು ಹೀಗೆ ನಿರೂಪಿಸಬಹುದು.

ಅಂಗಳವನ್ನು ಮನಸ್ಸಿನಲ್ಲಿ ಚೌಕಗಳಾಗಿ ವಿಭಾಗಿಸಿ ಒಂದೊಂದನ್ನೂ ಸರದಿಯಾಗಿ ನೋಡಬೇಕು. ಕಣ್ಣು ತನ್ನಿಚ್ಛೆಯಂತೆ ನೆಗೆದರೆ ಎದ್ದುಕಾಣುವುದರ ಬಳಿಗೇ ಮತ್ತೆ ಮತ್ತೆ ಹೋಗುವುದು. ಬೆಳಗಿನಲ್ಲಿ ಒಮ್ಮೆ, ಸಂಜೆಯಲ್ಲಿ ಒಮ್ಮೆ ನೋಡಬೇಕು. ಸವೆದ ಅಕ್ಷರಗಳು ನಡುಹಗಲಿನ ಬೆಳಕಿನಲ್ಲಿ ಮಾಯವಾಗಿ, ಓರೆಬಿಸಿಲಿನ ನೆರಳಿನಲ್ಲಿ ಮೂಡುತ್ತವೆ. ಕಲ್ಲನ್ನು ಕಲ್ಲೆಂದು ನೋಡದೆ ಮೆಟ್ಟಿಲು, ಹೊಸಿಲು, ತೊಲೆ, ಒಗೆಯುವ ಬಂಡೆ ಇವುಗಳನ್ನೂ ಸಂಶಯದಿಂದ ನೋಡಬೇಕು. ಒಂದು ದೊರೆತೊಡನೆ ಅದನ್ನು ಗುರುತು ಹಾಕಿಕೊಂಡು, ಇನ್ನೂ ಏನೂ ದೊರೆತಿಲ್ಲವೆಂಬಂತೆ ಹುಡುಕಾಟವನ್ನು ಮುಂದುವರಿಸಬೇಕು. ತಾನು ನೋಡಿ ಮುಗಿಸಿದುದನ್ನು ಬೇರೊಬ್ಬನು, ಮೊದಲಿನವನ ಟಿಪ್ಪಣಿಯನ್ನು ಓದದೆ, ಹೊಸದಾಗಿ ನೋಡಬೇಕು. ಊರಿನ ಹಿರಿಯರನ್ನು, ಅದರಲ್ಲಿಯೂ ಬಟ್ಟೆಯೊಗೆಯುವ, ದನಕಾಯುವ, ಹೊಲವುಳುವ ಜನರನ್ನು ಕೇಳಬೇಕು. ನಮಗೆ ಅಡಗಿದ ಕಲ್ಲು ಅವರಿಗೆ ದಿನವೂ ಕಾಲಿಗೆ ತಗಲುವ ಕಲ್ಲು.

ಇಲ್ಲಿ ಆಟಕ್ಕೂ ಕ್ಷೇತ್ರಕ್ಕೂ ಇರುವ ಇನ್ನೊಂದು ಭೇದವನ್ನು ಹೇಳಲೇಬೇಕು. ಪರದೆಯ ಮೇಲಿನ ಆಟದಲ್ಲಿ ಕಂಡ ವಸ್ತುವನ್ನು ಬೆರಳಿನಿಂದ ಮುಟ್ಟಿದರೆ ಅದು ಚಿತ್ರದಿಂದ ಎದ್ದುಹೋಗುತ್ತದೆ. ರಾಶಿಯು ಅಷ್ಟರಮಟ್ಟಿಗೆ ಹಗುರಾಗುತ್ತದೆ. ಕ್ಷೇತ್ರದಲ್ಲಿ ಕಂಡುದನ್ನು ಎತ್ತಿದರೆ ಅದರ ಅರ್ಧ ಅರ್ಥವು ಅಲ್ಲಿಯೇ ಉಳಿದು ಅಳಿದುಹೋಗುತ್ತದೆ. ವೀರಗಲ್ಲು ಯಾವ ಕೆರೆಯ ಏರಿಯ ಮೇಲಿತ್ತು, ಯಾವ ದಿಕ್ಕಿಗೆ ಮುಖಮಾಡಿತ್ತು, ಯಾವ ಊರಿನ ಎಲ್ಲೆಯಲ್ಲಿತ್ತು ಎಂಬುದು ಅದರ ಬರಹದಷ್ಟೇ ಮುಖ್ಯ. ಆದುದರಿಂದ ಅಳತೆಗೋಲನ್ನಿಟ್ಟು ಛಾಯಾಚಿತ್ರ ತೆಗೆದು, ಸ್ಥಳವನ್ನು ನಕಾಶೆಯಲ್ಲಿ ಗುರುತಿಸಿ, ಪುರಾತತ್ತ್ವ ಇಲಾಖೆಗೂ ಊರವರಿಗೂ ತಿಳಿಸಬೇಕೇ ಹೊರತು ಕಲ್ಲನ್ನು ಕದಲಿಸಬಾರದು. ನಮ್ಮ ಆಟದಲ್ಲಿ ಗೆಲವೆಂದರೆ ವಸ್ತುವು ಚಿತ್ರದಲ್ಲಿಯೇ ಉಳಿಯುವುದು.

ಅಧ್ಯಾಪಕರು ತರಗತಿಯಲ್ಲಿಯೇ ಇದಕ್ಕೆ ಮೊದಲ ಪಾಠವನ್ನು ಕೊಡಬಹುದು. ಗುಡಿಯ ಅಂಗಳದ ಒಂದು ಛಾಯಾಚಿತ್ರವನ್ನು ತೋರಿಸಿ, ಮೊದಲು ಪಟ್ಟಿಯೊಡನೆ ಹುಡುಕಿಸುವುದು. ತರುವಾಯ ಪಟ್ಟಿಯನ್ನು ಅಳಿಸಿ, ಚಿತ್ರವನ್ನು ಮುಚ್ಚಿ, ಕಿಮ್‌ನ ಆಟದಂತೆ ಕಂಡುದನ್ನೆಲ್ಲ ಬರೆಯಿಸುವುದು. ಎರಡು ಬರಹಗಳನ್ನೂ ಹೋಲಿಸಿದರೆ ಪಟ್ಟಿಯು ಏನನ್ನು ತೋರಿಸಿತು, ಏನನ್ನು ಮರೆಸಿತು ಎಂಬುದು ವಿದ್ಯಾರ್ಥಿಗೆ ತಾನಾಗಿಯೇ ವಿದಿತವಾಗುವುದು. ಒಂದು ಆಟವು ಹೆಸರುಗಳನ್ನು ಕಲಿಸುತ್ತದೆ. ಇನ್ನೊಂದು ಹೆಸರಿಲ್ಲದುದಕ್ಕೂ ಕಣ್ಣು ತೆರೆದಿರುವುದನ್ನು ಕಲಿಸುತ್ತದೆ. ಕ್ಷೇತ್ರಕ್ಕೆ ಹೋಗುವವನಿಗೆ ಎರಡೂ ಬೇಕು.

ಗುತ್ತಲ ಸೀಮೆಯ ಹಳ್ಳಿಗಳಲ್ಲಿ ರಸ್ತೆಗಳು ಅಗಲವಾಗುತ್ತಿವೆ, ಗುಡಿಗಳು ಜೀರ್ಣೋದ್ಧಾರಗೊಳ್ಳುತ್ತಿವೆ, ಅಂಗಳಗಳಿಗೆ ಹಾಸು ಬೀಳುತ್ತಿದೆ. ಇವೆಲ್ಲವೂ ಬದುಕುವ ಊರಿಗೆ ಬೇಕಾದುವೇ. ಆದರೆ ಚಿತ್ರವು ಹೀಗೆ ದಿನದಿನಕ್ಕೆ ಬದಲಾಗುತ್ತಿರುವಾಗ, ಹುಡುಕುವವರಿಗೆ ಇರುವ ಕಾಲವು ಮಿತವಾದುದು. ನಮ್ಮ ವಿದ್ಯಾರ್ಥಿಗಳು ಬರುವ ಬಿಡುವಿನಲ್ಲಿ ತಮ್ಮ ತಮ್ಮ ಊರಿನ ಒಂದೊಂದು ಅಂಗಳವನ್ನಾದರೂ ಮೇಲೆ ಹೇಳಿದ ಕ್ರಮದಿಂದ ನೋಡಿ, ಕಂಡುದನ್ನು ಬರೆದು ತಂದರೆ, ಮುಂದಿನ ಸಂಚಿಕೆಗೆ ಇದಕ್ಕಿಂತ ಉತ್ತಮವಾದ ಲೇಖನವು ದೊರೆಯುವುದರಲ್ಲಿ ಸಂದೇಹವಿಲ್ಲ.